ಬೀನ್ಸಿಗೆ ಎಳ್ಳು ಬಿದ್ದ ದಿನ

ಶೇಂಗಾ ಪುಡಿಯ ಡಬ್ಬಿ ಖಾಲಿಯಾದರೆ ನಮ್ಮ ಮನೆಯಲ್ಲಿ ಅರ್ಧ ಅಡಿಗೆ ನಿಂತಂತೆಯೇ. ಬದನೆಕಾಯಿಗೆ ಶೇಂಗಾ, ಚವಳಿಕಾಯಿಗೆ ಶೇಂಗಾ, ಏನೂ ಇಲ್ಲದಿದ್ದರೆ ಮೊಸರಿಗೂ ಶೇಂಗಾ. ಬೆಳಗಾವಿಗೆ ಬಂದು ಮೂವತ್ತು ವರ್ಷವಾದರೂ ನಮ್ಮ ಅತ್ತೆಯವರ ಅಡಿಗೆ ಮಾತ್ರ ಜಮಖಂಡಿ ಬಿಟ್ಟು ಕದಲಿಲ್ಲ.

ಅವತ್ತು ಆಫೀಸಿಗೆ ಹೊರಡಲು ಇನ್ನು ಇಪ್ಪತ್ತು ನಿಮಿಷ. ರೊಟ್ಟಿ ಆಗಿದ್ದವು. ಬೀನ್ಸ್ ಹೆಚ್ಚಿ ಆಗಿತ್ತು. ಡಬ್ಬಿ ತೆಗೆದರೆ ತಳ ಕಾಣುತ್ತಿದೆ! ಪಕ್ಕದಲ್ಲೇ ಎಳ್ಳಿನ ಡಬ್ಬಿ. ಭೋಗಿಯ ಸಜ್ಜಿ ರೊಟ್ಟಿಗೆ ಹಚ್ಚಲು ರವಿವಾರ ಪೇಟೆಯಿಂದ ತಂದದ್ದು. ಸಂಕ್ರಾಂತಿ ಮುಗಿದ ಮೇಲೆ ಅದಕ್ಕೆ ಎಲ್ಲರೂ ಎಳ್ಳುನೀರು ಬಿಟ್ಟಿದ್ದೆವು. ಎರಡು ಚಮಚ ತೆಗೆದು ಬಾಣಲೆಗೆ ಸುರಿದೆ.

"ಅಯ್ಯ, ಪಲ್ಯಕ್ಕ ಎಳ್ಳು ಯಾರ ಹಾಕ್ತಾರ ನನ್ನವ್ವಾ?"

"ಎಣ್ಣೆಗಾಯಿಗೆ ನೀವ ಹಾಕ್ತೀರಲ್ರೀ ಅತ್ತಿ."

"ಬದನಿಕಾಯಿ ಮಾತು ಬ್ಯಾರೆ. ಅದು ಮನಿ ಮಗಳು. ಇದಕ್ಕ ಒಂದು ನೆಟ್ಟಗ ಹೆಸರರ ಐತೇನು?"

ಈ ಮಾತಿಗೆ ಉತ್ತರ ಕೊಡಲಾಗಲಿಲ್ಲ. ನಿಜ, ಬೀನ್ಸಿಗೆ ನಮ್ಮಲ್ಲಿ ಸ್ವಂತ ಹೆಸರಿಲ್ಲ. ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡು ಬದುಕುತ್ತಿದೆ. ಪಕ್ಕದ ಮನೆಯ ಮರಾಠಿ ಮಾವಶಿ ಅದನ್ನು ಫರಸಬಿ ಅನ್ನುತ್ತಾರೆ. ಅದೂ ಫ್ರೆಂಚ್ ಬೀನ್ಸ್ ಅನ್ನುವುದು ನಾಲಿಗೆಯಲ್ಲಿ ಸವೆದು ಆದದ್ದೇ. ಮೈಸೂರಿನಿಂದ ವರ್ಗವಾಗಿ ಬಂದ ನಮ್ಮ ಆಫೀಸಿನ ಗೆಳತಿ ಒಮ್ಮೆ ಮನೆಗೆ ಬಂದವಳು, "ಹುರುಳಿಕಾಯಿ ಪಲ್ಯ ಚೆನ್ನಾಗಿದೆ" ಅಂದಿದ್ದಳು. ಅತ್ತೆ ತಟ್ಟೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅವರ ಲೆಕ್ಕದಲ್ಲಿ ಹುರಳಿ ಅಂದರೆ ಎತ್ತಿಗೆ ಬೇಯಿಸಿ ಹಾಕುವ ಕಾಳು.

ಬೀನ್ಸ್ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಕೊಲಂಬಸ್ 1492ರಲ್ಲಿ ಆ ಕಡೆ ಹೋದ ಮೇಲೆ ಯುರೋಪಿನವರ ಕೈಯಿಂದ ಊರೂರು ತಿರುಗಿ ನಮ್ಮಲ್ಲಿಗೂ ಬಂತು. ಅಂದರೆ ಹೊರಗಿನದು ಅನ್ನುವ ಅತ್ತೆಯವರ ಗುಮಾನಿ ಸುಳ್ಳಲ್ಲ. ಆದರೆ ಮೆಣಸಿನಕಾಯಿ ಬಂದದ್ದೂ ಅಲ್ಲಿಂದಲೇ. ಇನ್ನೂ ದೊಡ್ಡ ಸಂಗತಿ, ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು! ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ಜಮಖಂಡಿಯ ಅಡಿಗೆಮನೆಯೇ ಅಲುಗಾಡಿಬಿಡುತ್ತದೆ.

ಇಲ್ಲಿಯದೇ ಅನ್ನಲು ಎಳ್ಳೇ ಸರಿ. ಹರಪ್ಪದ ಅಗೆತದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಸುಟ್ಟ ಎಳ್ಳು ಸಿಕ್ಕಿದೆ. ಎಣ್ಣೆ ಅನ್ನುವ ಮಾತಿನಲ್ಲೂ ಅದೇ ಕೂತಿದೆ. ಎಳ್ಳು ಮತ್ತು ನೆಯ್ ಸೇರಿ ಎಣ್ಣೆ, ಅಂದರೆ ಎಳ್ಳಿನ ತುಪ್ಪ. ಆಮೇಲೆ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ, ಕೊನೆಗೆ ಸೀಮೆ ಎಣ್ಣೆಯೂ ಆ ಹೆಸರನ್ನು ಕಡ ತಂದವು. ಯಾವುದೂ ತಿರುಗಿ ಕೊಡಲಿಲ್ಲ.

ಎಳ್ಳು ಹುರಿಯುವುದು ಮಾತ್ರ ಸುಲಭದ ಕೆಲಸವಲ್ಲ. ಸಣ್ಣ ಉರಿ ಇರಬೇಕು, ಕೈ ನಿಲ್ಲಬಾರದು. ಮೊದಲು ಏನೂ ಆಗುವುದಿಲ್ಲ. ಫೋನ್ ನೋಡೋಣ ಅನ್ನಿಸುತ್ತದೆ. ನೋಡಬೇಡಿ! ಅಷ್ಟರಲ್ಲಿ ಚಟಚಟ ಸುರುವಾಗಿ ಒಂದು ಕಾಳು ಮೂಗಿಗೆ ಹಾರುತ್ತದೆ. ಬಣ್ಣ ತುಸು ತಿರುಗಿ ಘಮ ಬಂದ ಕೂಡಲೇ ತಟ್ಟೆಗೆ ಸುರಿಯಬೇಕು. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕರಿದಾಗಿ ಕಹಿಯಾಗುತ್ತದೆ. ಆರಿದ ಮೇಲೆ ಅರ್ಧವನ್ನು ಕಲಬತ್ತದಲ್ಲಿ ತರಿತರಿ ಕುಟ್ಟಬೇಕು. ಎಳ್ಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಕಾಳು ಒಡೆದರೆ ತಾನೇ ಅದು ಹೊರಗೆ ಬರುವುದು? ಇಡೀ ಕಾಳು ಹಲ್ಲಿನ ಸಂದಿಯಲ್ಲಿ ಜಾರಿ, ರುಚಿ ಹೇಳದೆ ಹೊಟ್ಟೆ ಸೇರುತ್ತದೆ. ಉಳಿದರ್ಧ ಚಂದಕ್ಕೆ ಇರಲಿ.

ಬೀನ್ಸ್ ಎಳೆಯದಾಗಿರಬೇಕು. ಗಣಪತ್ ಗಲ್ಲಿಯಲ್ಲಿ ಕಾಯಿಪಲ್ಲೆ ಮಾರುವ ಅಕ್ಕ ಬೇರೆ ಕಡೆ ನೋಡುವಾಗ ಒಂದನ್ನು ಮುರಿದು ನೋಡುತ್ತೇನೆ. ಟಕ್ ಅಂದರೆ ಪಾವು ಕಿಲೋ ತೂಗಿಸುವುದು. ಬಗ್ಗಿದರೆ ಮುಂದಿನ ಬುಟ್ಟಿ. ಹತ್ತು ನಿಮಿಷದ ಪಲ್ಯ ಅನ್ನುವವರು ನಾರು ತೆಗೆಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಕೀನಿ ಅನ್ನುವವರು 1894ರಲ್ಲೇ ನಾರಿಲ್ಲದ ತಳಿ ಮಾಡಿದರು. ನಾನು ಇನ್ನೂ ರಾತ್ರಿ ಧಾರಾವಾಹಿ ನೋಡುತ್ತಾ ನಾರು ಎಳೆಯುತ್ತಿದ್ದೇನೆ.

ಸಾಸಿವೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ. ಅದರ ಮೇಲೆ ಬೀನ್ಸ್, ಉಪ್ಪು, ಒಂದು ಮುಷ್ಟಿ ನೀರು. ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಆರೇಳು ನಿಮಿಷ. ಕಾಯಿಯೊಳಗಿನ ಹುಳಿ ಆವಿಯ ಜೊತೆ ಹೊರಗೆ ಹೋಗಬೇಕು. ಮುಚ್ಚಿಟ್ಟರೆ ಅದು ತಿರುಗಿ ಕಾಯಿಗೇ ಬಿದ್ದು ಹಸಿರನ್ನು ತಿನ್ನುತ್ತದೆ, ಪಲ್ಯ ಹಳೇ ಖಾಕಿ ಅಂಗಿಯಂತೆ ಕಾಣುತ್ತದೆ. ನಿಂಬೆರಸವೂ ಅದಕ್ಕೇ ಕೊನೆಗೆ. ಉರಿ ಆರಿಸಿ, ಎಳ್ಳು ಉದುರಿಸಿ ಎರಡು ಸಲ ತಿರುವಿದರೆ ಆಯಿತು.

ಅವತ್ತು ಸಂಜೆ ಬರುವಷ್ಟರಲ್ಲಿ ಅತ್ತೆಯ ದೂರು ಸಿದ್ಧವಿತ್ತು. ರುಚಿಯ ಬಗ್ಗೆ ಒಂದು ಮಾತಿಲ್ಲ. "ಎಳ್ಳು ಹಲ್ಲಿನ ಸೆಟ್ಟಿನಾಗ ಸಿಗತಾವ. ಮಧ್ಯಾಹ್ನ ಎರಡು ಸಲ ತೆಗದು ತೊಳದೆ." ಬಾಣಲೆ ಮಾತ್ರ ತೊಳೆದಿಟ್ಟಷ್ಟು ಖಾಲಿಯಾಗಿತ್ತು. ನಾನೂ ಏನೂ ಕೇಳಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಎಳ್ಳಿನ ಡಬ್ಬಿ ಖಾಲಿ. ಪಕ್ಕದ ಶೇಂಗಾ ಡಬ್ಬಿಯಲ್ಲಿ ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ನುಣ್ಣಗೆ ಕುಟ್ಟಿದ ಎಳ್ಳಿನ ಹಿಂಡಿ.

"ಈಗ ಹಲ್ಲಿಗೆ ಸಿಗಂಗಿಲ್ಲ," ಅತ್ತೆ ಹೊರಗಿನಿಂದಲೇ ಅಂದರು. "ಬೀನ್ಸ್ ತಂದಿಯೇನು?"