ಇಲ್ಲಿ ಗಿಡ ಹಚ್ಚಬೇಡಿ, ಇದು ಹುಲ್ಲಿನ ಜಾಗ

ಹಾವೇರಿ ಕಡೆಯ ನಮ್ಮೂರ ಗೋಮಾಳದಲ್ಲಿ ಹೋದ ಜೂನ್ 5ಕ್ಕೆ ಸಾಲಾಗಿ ಗುಂಡಿ ತೋಡಿದರು. ಪರಿಸರ ದಿನ ಅಲ್ವಾ, ಫೋಟೋ, ಭಾಷಣ ಎಲ್ಲ ಆಯಿತು. ಹಚ್ಚಿದ್ದು ಬೇವು, ಹೊಂಗೆ. ಒಳ್ಳೆಯ ಗಿಡಗಳೇ. ಹಚ್ಚಿದವರೂ ಒಳ್ಳೆಯ ಮನಸ್ಸಿನವರೇ. ಆದರೂ ನನಗೆ ಸಂಕಟ ಆಯಿತು. ಕುರಿ ಕಾಯುತ್ತಿದ್ದ ಅಜ್ಜ ನನ್ನ ಹತ್ತಿರ ಬಂದು, "ತಂಗಿ, ಇಲ್ಲಿ ಗಿಡ ಹಚ್ಚಿದ್ರ ಕುರಿ ಎಲ್ಲಿ ಮೇಯಬೇಕವಾ?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಮರ ಇದ್ದರೆ ಕಾಡು, ಬರೀ ಹುಲ್ಲಿದ್ದರೆ ಬಂಜರು. ನಮ್ಮ ತಲೆಯಲ್ಲಿ ಹೀಗೇ ಕೂತುಬಿಟ್ಟಿದೆ. ಕಂದಾಯ ಬಾರದ ನೆಲವನ್ನೆಲ್ಲ ಬ್ರಿಟಿಷರು ಪಾಳು ಎಂದು ದಫ್ತರದಲ್ಲಿ ಬರೆದರು. ಆ ಹೆಸರು ಇನ್ನೂ ಹೋಗಿಲ್ಲ.

ರಾಣೆಬೆನ್ನೂರನ್ನೇ ನೋಡಿ. ನಾವು ಚಿಗರಿ ಅನ್ನುವ ಕೃಷ್ಣಮೃಗಕ್ಕಾಗಿ 1974ರಲ್ಲಿ ಅಲ್ಲಿ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಒಳಗೆ ಹೋದರೆ ಎಷ್ಟೋ ದೂರ ಕಾಣುವುದು ನೆಟ್ಟ ನೀಲಗಿರಿ ಮರಗಳ ಸಾಲು. ಚಿಗರಿ ಬದುಕುವುದು ಕಣ್ಣು ಮತ್ತು ಕಾಲಿನ ಬಲದಿಂದ. ದೂರದಲ್ಲೇ ತೋಳ ಕಂಡರೆ ಓಡಿ ಪಾರಾಗುತ್ತದೆ. ಗಿಡ ಒತ್ತಾದರೆ ತೋಳವೂ ಕಾಣುವುದಿಲ್ಲ, ಓಡಲು ಬಯಲೂ ಇರುವುದಿಲ್ಲ. ಅದೇ ಸೀಮೆಯಲ್ಲಿ ಎರೆಭೂತವೂ ಇತ್ತು, ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ, ಬಯಲು ನೆಲದ ಮೇಲೇ ಮೊಟ್ಟೆ ಇಡುತ್ತದೆ, ಅದೂ ಸಾಮಾನ್ಯವಾಗಿ ಒಂದೇ. ಈಗ ಅಲ್ಲಿ ಇಲ್ಲ. ಇಡೀ ದೇಶದಲ್ಲಿ ಉಳಿದಿರುವುದೇ 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ಬೇಟೆ, ಕರೆಂಟಿನ ತಂತಿ ಎಲ್ಲವೂ ಕಾರಣ. ಆದರೆ ಬಯಲೇ ಇಲ್ಲದಿದ್ದರೆ ಅದು ಬಾಳುವುದಾದರೂ ಎಲ್ಲಿ?

ಮಳೆ ನಿಂತ ಮೇಲೆ ನನ್ನ ಸೋದರತ್ತೆಯ ಮಗಳು ಊರಿಗೆ ಬಂದಿದ್ದಳು. ಧಾರವಾಡದಲ್ಲಿ ಈ ಹುಲ್ಲುಗಾವಲುಗಳ ಬಗ್ಗೆಯೇ ಓದುತ್ತಾಳೆ. ಪೈಪಿನಿಂದ ಮಾಡಿದ ಚೌಕ ತಂದಿದ್ದಳು, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಕ್ವಾಡ್ರಾಟ್ ಅಂತೆ. ಚಂದ ಕಂಡಲ್ಲಿ ಇಡುವ ಹಾಗಿಲ್ಲ, ಮೊದಲೇ ಚೀಟಿ ಎತ್ತಿದ ಹಾಗೆ ಜಾಗ ಗೊತ್ತು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಣ್ಣು ನಮಗೆ ಬೇಕಾದ್ದನ್ನೇ ಆರಿಸುತ್ತದೆ. ಚೌಕದೊಳಗಿನ ಒಂದೊಂದೇ ಹುಲ್ಲು, ಒಂದೊಂದೇ ಸಸಿ ನೋಡಿ ಬರೆಯಬೇಕು. ನಾನು ಕರಿಕೆ ಬಿಟ್ಟರೆ ಇನ್ನೊಂದೆರಡು ಇರಬಹುದು ಅಂದುಕೊಂಡಿದ್ದೆ. ಅವಳ ಪುಟದ ಎರಡೂ ಬದಿ ತುಂಬಿತು! ಮೊಣಕಾಲೂರಿ ಅಷ್ಟು ಹೊತ್ತು ಆ ನೆಲ ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮಿಡತೆ, ಸಗಣಿ ಹುಳ, ಮಣ್ಣಿನ ಬಣ್ಣದ್ದೇ ಒಂದು ಜೇಡ.

ಸಂಜೆ ಹಕ್ಕಿ ಎಣಿಸಲು ನೇರ ಗೆರೆಯಲ್ಲಿ ನಡೆದೆವು. ಕಂಡ ಹಕ್ಕಿ ಗೆರೆಯಿಂದ ಎಷ್ಟು ದೂರ ಎನ್ನುವುದನ್ನೂ ಬರೆಯುತ್ತಾರೆ. ದೂರದವು ಕಣ್ಣಿಗೆ ತಪ್ಪುವುದು ಜಾಸ್ತಿ, ಆ ಅಂತರಗಳಿಂದ ತಪ್ಪಿದವುಗಳ ಅಂದಾಜು ಹಾಕುತ್ತಾರೆ. ನೆಲಗುಬ್ಬಿ, ಗೌಜಲಹಕ್ಕಿ ಸಿಕ್ಕವು. ಟಿಟ್ಟಿಭ ನಮ್ಮನ್ನು ಕಂಡು ಒಂದೇ ಸಮ ಕೂಗಿತು. ಅದರ ಮೊಟ್ಟೆ ಥೇಟ್ ಕಲ್ಲಿನ ಹಾಗೆ, ನೆಲದ ಮೇಲೇ ಇರುತ್ತದೆ. ಜೂನ್ ಅದರ ಮರಿ ಮಾಡುವ ಕಾಲ. ಅದೇ ಹೊತ್ತಿಗೆ ನಾವು ಗುದ್ದಲಿ ಹಿಡಿದು ಹೋಗಿದ್ದೆವು.

ಬೇವು, ಹೊಂಗೆ ರಸ್ತೆ ಬದಿಗೆ ಹಚ್ಚಿ, ಶಾಲೆ ಅಂಗಳಕ್ಕೆ ಹಚ್ಚಿ, ನಾನೂ ಬರುತ್ತೇನೆ, ನೀರು ಹೊರುತ್ತೇನೆ. ಗೋಮಾಳಕ್ಕೆ ಮಾತ್ರ ಬೇಡ. ಮರ ಗಾಳಿಯ ಇಂಗಾಲ ಹಿಡಿದಿಡುತ್ತದೆ ಅನ್ನುತ್ತಾರೆ, ಹುಲ್ಲೂ ಹಿಡಿದಿಡುತ್ತದೆ. ಹುಲ್ಲಿನ ಬೇರು ಮಣ್ಣಿನೊಳಗೆ ಹಿಡಿದಿಟ್ಟದ್ದು ಹೊರಗಿನಿಂದ ಕಾಣುವುದಿಲ್ಲ ಅಷ್ಟೇ.

ಈ ವರ್ಷ ಮಳೆ ನಿಂತ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಚೌಕ ಇಡುತ್ತೇವೆ, ಗುಂಡಿ ತೋಡಿದ ಕಡೆ ಮತ್ತು ತೋಡದ ಕಡೆ ಎರಡೂ. ಹುಲ್ಲುಗಳ ಹೆಸರು ಹೇಳಿಕೊಡಲು ಕುರಿ ಕಾಯುವ ಅಜ್ಜ ಒಪ್ಪಿದ್ದಾರೆ. ಹತ್ತಿರದಲ್ಲಿ ಇರುವವರು ಬನ್ನಿ.