ಬಟನ್ ಲೆನ್ಸ್ ಪಕ್ಕದಲ್ಲೇ ಇರಲಿ

ಹಳೆಯ ಫೋಲ್ಡಿಂಗ್, ಅಂದರೆ ಮಡಚಿಡುವ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಎಲ್ಲರೂ ಹೇಳುವುದು ಎರಡೇ ಮಾತು. ಲೆನ್ಸ್‌ನಲ್ಲಿ ಫಂಗಸ್ ಇದೆಯಾ ನೋಡಿ, ಲೆನ್ಸ್ ಹಿಂದಿನ ಮಡಿಕೆ ಚೀಲದಲ್ಲಿ (ಬೆಲ್ಲೋಸ್) ತೂತು ಇದೆಯಾ ನೋಡಿ. ಸರಿಯೇ. ಆದರೆ ಬೆರಳು ಒತ್ತುವ ಜಾಗಕ್ಕೂ ಶಟರ್‌ಗೂ ನಡುವೆ ಏನೇನಿದೆ ಅಂತ ಕೇಳುವವರು ಕಡಿಮೆ. ಮಾರುವವರು ಮಾತ್ರ "ಸಾರ್, ಬಾಡಿ ರಿಲೀಸ್ ಇದೆ" ಅಂತ ಇನ್ನಷ್ಟು ದುಡ್ಡು ಸೇರಿಸುತ್ತಾರೆ. ಅಂದರೆ ಶಟರ್ ಬಿಡಿಸುವ ಬಟನ್ ಲೆನ್ಸ್ ಪಕ್ಕದಲ್ಲಲ್ಲ, ಕ್ಯಾಮೆರಾದ ಪೆಟ್ಟಿಗೆಯ ಮೇಲಿದೆ ಅಂತ. ಆ ಬಟನ್‌ಗೆ ನಾನು ಒಂದು ರೂಪಾಯಿಯನ್ನೂ ಜಾಸ್ತಿ ಕೊಡುವುದಿಲ್ಲ.

ಯಾಕೆ ಅಂದರೆ, ಈ ಕ್ಯಾಮೆರಾಗಳಲ್ಲಿ ಶಟರ್ ಇರುವುದು ಪೆಟ್ಟಿಗೆಯೊಳಗೆ ಅಲ್ಲ, ಲೆನ್ಸ್‌ನ ಗಾಜುಗಳ ನಡುವೆ. ತೆಳು ಲೋಹದ ಎಲೆಗಳು ತೆರೆದು ಮುಚ್ಚುತ್ತವೆ. ಮ್ಯೂನಿಕ್‌ನ ಡೆಕೆಲ್ ಕಂಪನಿ 1912ರಲ್ಲಿ ತಂದ ಕಾಂಪುರ್, ಕಾಲ್ಮ್‌ಬಾಖ್‌ನ ಗೋಥಿಯೇ ಕಂಪನಿಯ ಪ್ರೊಂಟರ್, ಎಲ್ಲವೂ ಇದೇ ಜಾತಿ. ಮೊದಲು ಒಂದು ಲಿವರ್ ಎಳೆದು ಸ್ಪ್ರಿಂಗ್ ಬಿಗಿ ಮಾಡಬೇಕು. ಆಮೇಲೆ ಶಟರ್ ಅಂಚಿನಲ್ಲಿರುವ ಇನ್ನೊಂದು ಚಿಕ್ಕ ಲಿವರ್ ಒತ್ತಿದರೆ ಒಳಗಿನ ಕೊಕ್ಕೆ ಬಿಡುತ್ತದೆ. ಉಳಿದ ಕೆಲಸವೆಲ್ಲ ಸ್ಪ್ರಿಂಗ್‌ನದ್ದು. ಬೆರಳಿನ ಕೆಲಸ ಕೊಕ್ಕೆ ಬಿಡಿಸುವುದಷ್ಟೇ. ಹಾಗಾಗಿ ಹಗುರವಾಗಿ ಮುಟ್ಟಿದರೂ ಸಾಕು.

ಇದರ ಮೇಲೆ ಇದ್ದ ದೂರು ಒಂದೇ. ತೆಳ್ಳಗಿನ ಸರಳುಗಳ ಮೇಲೆ ನಿಂತ ಲೆನ್ಸ್ ಬೋರ್ಡ್‌ಗೆ (ಲೆನ್ಸ್, ಶಟರ್ ಕೂರಿಸಿದ ತಟ್ಟೆಗೆ) ಬೆರಳಿಟ್ಟರೆ ಕ್ಯಾಮೆರಾ ಅಲುಗುತ್ತದೆ. ದೂರಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಅದಕ್ಕೇ 1930ರ ದಶಕದಲ್ಲಿ ಬಟನ್ ಅನ್ನು ಕೈ ಹಿಡಿಯುವ ಜಾಗಕ್ಕೆ, ಕ್ಯಾಮೆರಾದ ಮೇಲ್ಭಾಗಕ್ಕೆ ತರಲು ಶುರು ಮಾಡಿದರು. 1934ರ ಮೊದಲ ಕೊಡಾಕ್ ರೆಟಿನಾದಲ್ಲಿ ರಿಲೀಸ್ ಶಟರ್ ಮೇಲೆಯೇ ಇತ್ತು. ಆಮೇಲಿನ ರೆಟಿನಾಗಳಲ್ಲಿ ಮೇಲಕ್ಕೆ ಹೋಯಿತು.

ಈಗ ಕಷ್ಟ ಏನು ಅಂದರೆ, ಕ್ಯಾಮೆರಾ ಮಡಚಬೇಕಲ್ಲ! ಬಟನ್‌ನಿಂದ ಶಟರ್‌ವರೆಗೆ ಒಂದೇ ಕಡ್ಡಿ ಕೂರಿಸುವ ಹಾಗಿಲ್ಲ. ಬಟನ್ ಒಳಗಿನ ಒಂದು ಲಿವರ್ ತಳ್ಳುತ್ತದೆ, ಅದು ಲೆನ್ಸ್ ಕಡೆಯ ಇನ್ನೊಂದನ್ನು ತಳ್ಳುತ್ತದೆ, ಅದು ಕೊನೆಗೆ ಶಟರ್‌ನ ಲಿವರ್ ಮುಟ್ಟುತ್ತದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಇವೆಲ್ಲ ಒಂದಕ್ಕೊಂದು ಎದುರಾಗಿ ನಿಲ್ಲಬೇಕು, ಮುಚ್ಚಿದಾಗ ಬಿಟ್ಟುಕೊಳ್ಳಬೇಕು. ಹಜಾರದಲ್ಲಿ ಕೂತು ಉದ್ದನೆ ಕೋಲಿನಿಂದ ಗೇಟಿನ ಚಿಲಕ ತೆಗೆದ ಹಾಗೆ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಎಂಬತ್ತು ವರ್ಷ ಕಳೆದು, ಎಲ್ಲೋ ಒಮ್ಮೆ ಕೆಳಗೆ ಬಿದ್ದು, ಒಂದು ಸರಳು ಕೂದಲೆಳೆಯಷ್ಟು ಬಾಗಿದ್ದರೂ ಲೆಕ್ಕ ತಪ್ಪುತ್ತದೆ. ಬಟನ್ ಪೂರ್ತಿ ಕೆಳಗಿಳಿದ ಮೇಲೆ ಶಟರ್ ಬಿಡುತ್ತದೆ. ಅಷ್ಟರಲ್ಲಿ ನೀವು ಬಲವಾಗಿ ಅದುಮಿರುತ್ತೀರಿ, ಕ್ಯಾಮೆರಾ ವಾಲಿರುತ್ತದೆ. ಯಾವ ಅಲುಗಾಟ ತಪ್ಪಿಸಲು ಇಷ್ಟೆಲ್ಲ ಮಾಡಿದರೋ ಅದೇ ವಾಪಸ್ ಬಂತು, ಅಲ್ವಾ?

ಇದರ ಜೊತೆಗೆ ಡಬಲ್ ಎಕ್ಸ್‌ಪೋಶರ್ (ಒಂದರ ಮೇಲೊಂದು ಫೋಟೋ ಬೀಳುವುದು) ತಡೆಯುವ ಬೀಗ ಬೇರೆ. ಫಿಲ್ಮ್ ಸುತ್ತದೆ ಎರಡನೇ ಸಲ ಒತ್ತಿದರೆ ಬಟನ್ ಇಳಿಯುವುದಿಲ್ಲ. ಒಳ್ಳೆಯ ಉಪಾಯವೇ, ಆದರೆ ಗೊಂದಲಕ್ಕೂ ಇಂಥ ಬೀಗಗಳೇ ಮೂಲ. ರೆಟಿನಾ IIc, IIIc ನೋಡಿ. ಅವುಗಳಲ್ಲಿ ಫೋಟೋ ಲೆಕ್ಕ ಇಡುವ ಕೌಂಟರ್ ಹಿಂದಕ್ಕೆ ಎಣಿಸುತ್ತದೆ. 1ಕ್ಕೆ ಬಂದರೆ ಬೀಗ ಬೀಳುತ್ತದೆ. ಕೌಂಟರ್ ಮತ್ತೆ ಮೇಲಕ್ಕೆ ತಳ್ಳಿದರೆ ಮುಗಿಯಿತು. ಗೊತ್ತಿಲ್ಲದವರು "ಶಟರ್ ಜಾಮ್" ಅಂತ ಗುಜರಿಗೆ ಹಾಕುತ್ತಾರೆ. 120 ಫಿಲ್ಮ್‌ನ ಇಕಾಂಟಾ, ಐಸೊಲೆಟ್ ಥರದ ಕ್ಯಾಮೆರಾಗಳಲ್ಲಿ ಬಟನ್ ಕೆಲಸ ಮಾಡದಿದ್ದರೆ ಪರೀಕ್ಷೆ ಸುಲಭ. ಸ್ಪ್ರಿಂಗ್ ಬಿಗಿ ಮಾಡಿ, ಮೇಲಿನ ಬಟನ್ ಬಿಟ್ಟು, ಶಟರ್ ಮೇಲಿನ ಲಿವರನ್ನೇ ಬೆರಳಿನಿಂದ ಒತ್ತಿ. ಕ್ಲಿಕ್ ಅಂದರೆ ಶಟರ್ ಗಟ್ಟಿಯಾಗಿದೆ, ತೊಂದರೆ ಇರುವುದು ನಡುವಿನ ಲಿವರ್‌ಗಳ ಸಾಲಿನಲ್ಲಿ ಅಥವಾ ಬೀಗದಲ್ಲಿ. ಬೆಲೆ ಇಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ ಬಿಡಿ. (ಶಟರ್ ಒಂದು ಸೆಕೆಂಡಿನ ವೇಗದಲ್ಲಿ ಮಾತ್ರ ತೂಕಡಿಸಿದರೆ ಅದು ಒಳಗಿನ ಎಣ್ಣೆ ಅಂಟಾದ ಕಥೆ, ಬೇರೆ ಕಾಯಿಲೆ. ಇನ್ನೊಂದು ಮಾತು: ಕಾಂಪುರ್ ರ‍್ಯಾಪಿಡ್‌ನಲ್ಲಿ 1/500 ಸೆಕೆಂಡಿನ ವೇಗ ಬೇಕಿದ್ದರೆ ಸ್ಪ್ರಿಂಗ್ ಬಿಗಿ ಮಾಡುವ ಮೊದಲೇ ತಿರುಗಿಸಿಕೊಳ್ಳಿ. ಆಮೇಲೆ ಬಲವಂತ ಮಾಡಬೇಡಿ.)

ಅಲುಗಾಟದ ಭಯ ಇರುವವರಿಗೆ ನನ್ನ ಉತ್ತರ ಇಷ್ಟು. ಲಿವರನ್ನು ಒಂದೇ ಬೆರಳಿನಿಂದ ತಳ್ಳಬೇಡಿ. ಹೆಬ್ಬೆರಳನ್ನು ಶಟರ್‌ನ ಇನ್ನೊಂದು ಅಂಚಿಗೆ ಆನಿಸಿ, ಎರಡರ ನಡುವೆ ಮೆಲ್ಲಗೆ ಹಿಂಡಿ. ಬೋರ್ಡ್ ಎತ್ತ ಹೋಗಬೇಕು? ಇಲ್ಲವೇ ಪಕ್ಕದ ತೂತಿಗೆ ಗಿಡ್ಡ ಕೇಬಲ್ ರಿಲೀಸ್ (ತುದಿ ಒತ್ತಿದರೆ ಶಟರ್ ಬಿಡಿಸುವ ಬಳುಕುವ ತಂತಿ) ತಿರುಗಿಸಿ. ಟ್ರೈಪಾಡ್ ಇರಲೇಬೇಕು ಅಂತೇನಿಲ್ಲ, ಕೈಯಲ್ಲಿ ಹಿಡಿದೂ ಬಳಸಬಹುದು. ನೋಡುವವರು ನಗಬಹುದು. ನಗಲಿ.

ಎರಡಕ್ಕೂ ನಡುವಿನ ದಾರಿ ಹಿಡಿದದ್ದು ಫಾಕ್ಟ್‌ಲೆಂಡರ್‌ನವರು. ಅವರ ಬೆಸ್ಸಾದಲ್ಲಿ ರಿಲೀಸ್ ಇರುವುದು ಮುಂದಿನ ಬಾಗಿಲ ಮೇಲೆ, ಟ್ರಿಗರ್ ರೂಪದಲ್ಲಿ. ಲೆನ್ಸ್‌ಗೂ ಹತ್ತಿರ, ಕೈಗೂ ಹತ್ತಿರ. ದಾರಿ ಗಿಡ್ಡ, ಕೊಂಡಿ ಕಡಿಮೆ. ಫೋಲ್ಡಿಂಗ್ ಕ್ಯಾಮೆರಾದಲ್ಲಿ ಇದಕ್ಕಿಂತ ಜಾಣ ಉತ್ತರ ನಾನು ಕಂಡಿಲ್ಲ. 1972ರ ಪೊಲರಾಯ್ಡ್ ಎಸ್ಎಕ್ಸ್-70 ಕೂಡ ಮಡಚುವಂಥದ್ದೇ. ಅದರಲ್ಲಿ ಕರೆಂಟಿನ ಬಟನ್. ವೈರ್ ಎಳೆದು ಎಲ್ಲಿ ಬೇಕಾದರೂ ಇಡಬಹುದಿತ್ತು. ಆದರೂ ಆ ಕೆಂಪು ಬಟನ್ ಕೂತಿರುವುದು ಮುಂದೆ, ಲೆನ್ಸ್ ಪಕ್ಕದಲ್ಲೇ.

ಸೂಪರ್ ಇಕಾಂಟಾ ಇಟ್ಟುಕೊಂಡವರು ಬೈಯಲು ಕಾಯುತ್ತಿದ್ದೀರಿ ಅಂತ ಗೊತ್ತು. ಅದರ 532/16 ಮಾಡೆಲ್‌ನ ಬೀಗ, ಕೌಂಟರ್ ಎಲ್ಲ ಸೊಗಸಾಗಿದೆ, ಒಪ್ಪಿದೆ. ಹನ್ನೆರಡು ಫೋಟೋ ಬರಬೇಕಾದ ರೋಲ್‌ನಲ್ಲಿ ಹನ್ನೊಂದೇ ಕೊಡುತ್ತದೆ ಅನ್ನುವುದನ್ನೂ ಒಪ್ಪಿಕೊಂಡು ಬೈಯಿರಿ.