ಮರಿಗಪ್ಪೆಯನ್ನು ಗುರುತಿಸಿ, ನೋಡಿಕೊಳ್ಳಿ, ಆದರೆ ಸಾಕಬೇಡಿ

ಮುಂಗಾರು ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಗೊದಮೊಟ್ಟೆಗಳಿಗೆ ಕಾಲು ಮೂಡಿ, ಹೊಂಡದಂಚಿನಲ್ಲಿ ಉಗುರಿನಗಲದ ಮರಿಗಪ್ಪೆಗಳು ನೆಗೆಯತೊಡಗುತ್ತವೆ. "ಮಗಳು ಹಿಡಿದು ತಂದಿದ್ದಾಳೆ, ಇದು ಯಾವ ಕಪ್ಪೆ, ಸಾಕಬಹುದೇ?" ಎಂದು ಪರಿಚಿತರು ಫೋಟೊ ಕಳಿಸುವುದೂ ಅದೇ ಹೊತ್ತಿಗೆ. ಮೊದಲ ಪ್ರಶ್ನೆಗೆ ನಾನು ಉತ್ಸಾಹದಿಂದಲೇ ಉತ್ತರಿಸುತ್ತೇನೆ. ಎರಡನೆಯದಕ್ಕೆ ಮಾತ್ರ ಬೇಡ ಎನ್ನುತ್ತೇನೆ.

ಗುರುತಿಸುವಾಗ ಬಣ್ಣವನ್ನು ನಂಬಬಾರದು. ಗೋಂಕುರುಕಪ್ಪೆಯ ಗಂಡು ಮಳೆಗಾಲದಲ್ಲಿ ಅರಿಶಿನದಂತೆ ಹಳದಿಯಾಗುವುದನ್ನು ಕಂಡವರು ಅದರ ಮರಿಯಲ್ಲೂ ಅದನ್ನೇ ಹುಡುಕಿದರೆ ಸಿಗುವುದಿಲ್ಲ. ಅದಕ್ಕಿಂತ ಬೆರಳುಗಳನ್ನು ನೋಡುವುದು ಒಳ್ಳೆಯದು. ಬೆರಳ ತುದಿಗಳು ಅಗಲವಾದ ಬಿಲ್ಲೆಗಳಂತಿದ್ದು, ಗಾಜಿನ ಗೋಡೆಯನ್ನು ಸರಾಗವಾಗಿ ಹತ್ತಿದರೆ ಬಹುಮಟ್ಟಿಗೆ ಅದು ಮರಗಪ್ಪೆ. ಹಿಂಗಾಲಿನ ಬೆರಳುಗಳ ನಡುವಿನ ಪೊರೆ ತುದಿಯವರೆಗೂ ಚಾಚಿದ್ದು, ಬೆದರಿದಾಗ ನೀರಿನ ಮೇಲೆಯೇ ಜಿಗಿಜಿಗಿದು ಓಡುವುದು ನಮ್ಮ ಕೆರೆಗಳ ಸಾಮಾನ್ಯ ನೀರುಗಪ್ಪೆ. ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು, ಕಪ್ಪಗೆ, ಪುಟ್ಟ ಪುಟ್ಟ ಕುಪ್ಪಳಿಕೆಯಲ್ಲಿ ಗುಂಪುಗುಂಪಾಗಿ ದಡ ಬಿಟ್ಟು ಹೊರಟಿರುವವು ನೆಲಗಪ್ಪೆಯ ಮರಿಗಳು. ದೊಡ್ಡವುಗಳಲ್ಲಿ ಕಣ್ಣಿನ ಹಿಂದೆ ಉಬ್ಬಿಕೊಂಡಿರುವ ವಿಷಗ್ರಂಥಿ ಈ ವಯಸ್ಸಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು: ಚಿಕ್ಕದೆಲ್ಲ ಮರಿಯಲ್ಲ. ಮಣಿಪಾಲದ ಸುತ್ತಲಿನ ಮುರಕಲ್ಲಿನ ನೆಲದಿಂದ 2016ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮೈಕ್ರೊಹೈಲ ಲ್ಯಾಟರೈಟ್ ಎಂಬ ಕಪ್ಪೆ ಪೂರ್ತಿ ಬೆಳೆದಾಗಲೂ 1.6 ಸೆಂಟಿಮೀಟರ್ ಆಸುಪಾಸಿನಲ್ಲೇ ಇರುತ್ತದೆ.

ಮರಿ ಮನೆಗೆ ಬಂದೇಬಿಟ್ಟಿದ್ದರೆ, ಬಾಲ ಇನ್ನೂ ಉಳಿದಿದೆಯೇ ಎಂದು ಮೊದಲು ಗಮನಿಸಬೇಕು. ಬಾಲ ಕರಗುವ ದಿನಗಳಲ್ಲಿ ಬಾಯಿ ಮತ್ತು ಕರುಳು ಹೊಸ ರೂಪ ಪಡೆಯುತ್ತಿರುವುದರಿಂದ ಅದು ಏನನ್ನೂ ತಿನ್ನುವುದಿಲ್ಲ. ಕರಗುವ ಬಾಲವೇ ಅದಕ್ಕೆ ಬುತ್ತಿ. ಆಗ ಆಹಾರಕ್ಕಿಂತ ಮುಖ್ಯವಾದದ್ದು ಹತ್ತಿ ಕೂರಲು ಒಂದು ಕಲ್ಲು, ಏಕೆಂದರೆ ಶ್ವಾಸಕೋಶದಿಂದ ಉಸಿರಾಡತೊಡಗಿದ ಮರಿ ಆಳವಾದ ನೀರಿನಲ್ಲಿ ಮುಳುಗಿ ಸಾಯಬಲ್ಲದು. ನಲ್ಲಿ ನೀರಿನ ಕ್ಲೋರಿನ್ ಅದರ ತೆಳು ಚರ್ಮಕ್ಕೆ ಒಗ್ಗುವುದಿಲ್ಲ. ಮಳೆನೀರು ಅಥವಾ ಬಾವಿನೀರು ಉತ್ತಮ. ಮುಟ್ಟಲೇಬೇಕಾದರೆ ಸೋಪಿನ ಅಂಶವಿಲ್ಲದ ಒದ್ದೆ ಕೈಯಲ್ಲಿ ಮುಟ್ಟಿ, ಆಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಬೇಕು.

ಬಾಲ ಹೋದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಕಪ್ಪೆಗೆ ಅಲುಗಾಡುವುದು ಮಾತ್ರ ಆಹಾರವಾಗಿ ಕಾಣುವುದರಿಂದ ಅನ್ನದಗುಳು, ಮೀನಿನ ತಿನಿಸು ಯಾವುದೂ ಪ್ರಯೋಜನಕ್ಕೆ ಬಾರದು. ಕಳಿತ ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಸಣ್ಣ ನೊಣಗಳನ್ನು ಒಳಗೆ ಬಿಟ್ಟು ನೋಡಿ: ನೆಲಗಪ್ಪೆಯ ಮರಿ ತಲೆ ತಿರುಗಿಸುತ್ತದೆ, ಹಿಂಗಾಲಿನ ಒಂದು ಬೆರಳು ಮಾತ್ರ ಪಟಪಟನೆ ಅದುರುತ್ತದೆ, ನಾಲಗೆ ಬಂದುಹೋದದ್ದು ಗೊತ್ತಾಗುವುದೇ ಇಲ್ಲ, ನುಂಗುವಾಗ ಕಣ್ಣುಗಳೆರಡೂ ಒಳಗೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಇದನ್ನು ಮಗು ಒಮ್ಮೆ ನೋಡಲಿ ಎಂಬುದು ನನ್ನ ಆಸೆಯೂ ಹೌದು. ಆದರೆ ಇರುವೆ, ಗೆದ್ದಲು, ಜಿಗಿಹುಳಗಳೆಂದು ಬಗೆಬಗೆಯ ಜೀವಂತ ಆಹಾರವನ್ನು ತಿಂಗಳುಗಟ್ಟಲೆ ಒದಗಿಸುವ ಮನೆ ನನಗೆ ತಿಳಿದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಆ ಕೆಲಸ ತಾಯಿಯ ಪಾಲಿಗೆ ಬರುತ್ತದೆ, ಅಷ್ಟೇ. ಮೇಲಾಗಿ ವನ್ಯಜೀವಿಗಳನ್ನು ಹಿಡಿದು ಇಟ್ಟುಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಡಿವಾಣವೂ ಇದೆ.

ಆದ್ದರಿಂದ ಗುರುತು ಹಚ್ಚಿ, ಫೋಟೊ ತೆಗೆದುಕೊಂಡು, ತಂದ ಜಾಗದಲ್ಲೇ ಬೇಗ ಬಿಟ್ಟುಬಿಡಿ. ಹತ್ತಿರದ ಪಾರ್ಕಿನ ಕೊಳ ಚೆನ್ನಾಗಿದೆಯೆಂದು ಅಲ್ಲಿ ಬಿಡುವುದು ತಪ್ಪು, ಏಕೆಂದರೆ ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದಂಥ ರೋಗಗಳು ಹೀಗೆಯೇ ಒಂದು ನೀರಿನಿಂದ ಇನ್ನೊಂದಕ್ಕೆ ದಾಟುತ್ತವೆ. ಬಿಡುವುದಕ್ಕೆ ಸಂಜೆಯ ಹೊತ್ತು ಒಳ್ಳೆಯದು. ಬಾಲ ಕರಗಿದ ಮರಿಯನ್ನು ನೀರಿನ ನಡುವೆ ಎಸೆಯದೆ, ದಡದ ಒದ್ದೆ ತರಗೆಲೆಗಳ ಮೇಲೆ ಬಿಡಿ.